ಮೂರನೇ ಖೋಲಿಯ ಒಳಗಿನ ಹಿಡಿಕಿ

ನಗಬಾರದ ಜಾಗಾದಾಗನ ನಗು ಬರತೈತಿ, ಏನ ಮಾಡೋದು ಹೇಳ್ರಿ. ನಾ ಬ್ಯಾಡಗ್ಯಾಗ ಒಂದು ಕೋಲ್ಡ್ ಸ್ಟೋರೇಜಿನಾಗ ಸೂಪರ್‌ವೈಸರ್. ಮೆಣಸಿನಕಾಯಿ ಚೀಲ ಇಡೋ ಜಾಗಾ. ಒಂದಿನ ಸಾವಕಾರ್ರು, "ಕೆಲಸಗಾರ್ರ ಸುರಕ್ಷತಾ ಎಲ್ಲಾ ಇನ್ನ ಮ್ಯಾಲೆ ನಿಂದ ನೋಡಪಾ" ಅಂತ ನನ್ನ ಕೊರಳಿಗೆ ಒಂದು ಪಟ್ಟಿ ಹಾಕಿದ್ರು. ಅಧಿಕಾರ ಮಾತ್ರ ತಮ್ಮ ಕಿಸೇದಾಗ ಇಟಗೊಂಡ್ರು.

ನನಗಿದ್ದ ಚಿಂತಿ ಒಂದ. ಮೂರನೇ ನಂಬರ್ ಥಂಡಿ ಖೋಲಿ ಬಾಗಿಲದ ಒಳಗಿನ ಹಿಡಿಕಿ ಮುರದಿತ್ತು. ಬಾಗಿಲಾ ಮುಚಗೊಂಡ್ರ ಒಳಗಿದ್ದವಗ ತೆಗಿಯಾಕ ಬರತಿದ್ದಿಲ್ಲ, ಹೊರಗಿನವ್ರ ತೆಗೀಬೇಕು. ಹಮಾಲರು ಚೀಲ ಹೊತಗೊಂಡು ದಿನಾ ಅದರಾಗ ಹೊಕ್ಕು ಬರೋರು. ರಿಪೇರಿ ಮಾಡಸ್ರಿ ಅಂದಾಗೊಮ್ಮೆ ಸಾವಕಾರ್ರದು ಒಂದ ಮಾತು: "ಇಷ್ಟ ವರ್ಷದಾಗ ಯಾರರ ಒಳಗ ಸತ್ತೇನಿ ಅಂತ ಬಂದು ಹೇಳ್ಯಾರೇನು?"

ನಾಲ್ಕನೇ ಸ್ಲೈಡು

ನಾ ಹೇಳಿದ್ರ ಕೇಳೂದಿಲ್ಲ, ದೊಡ್ಡವರ ಬಾಯಿಂದರ ಹೇಳಸೋಣ ಅಂತ ಸುರಕ್ಷತಾ ತರಬೇತಿ ಕೊಡೋ ಸಾಹೇಬರೊಬ್ಬರನ್ನ ಕರಸಿದೆ. ಬೆಂಗಳೂರು ಕಡೆಯವ್ರು. ಗೋಡಿ ಮ್ಯಾಲೆ ಚಿತ್ರ ಬಿಡೋ ಮಷೀನು ತಂದಿದ್ರು. ಎದುರಿಗೆ ಮೆಣಸಿನಕಾಯಿ ತೊಟ್ಟು ಬಿಡಸೋ ಹೆಣ್ಣಮಕ್ಕಳು ಸಾಲಾಗಿ ಕುಂತಿದ್ರು.

ಸಾಹೇಬ್ರು ಶುರು ಮಾಡೂಕಿಂತ ಮೊದಲ ಒಂದು ಕಾಯಿ ತಗೊಂಡು ಮುರದು, ಬೆರಳಾಗ ತಿಕ್ಕಿ ಮೂಸಿದ್ರು. "ಆಹಾ, ಎಂಥ ಬಣ್ಣ! ಬ್ಯಾಡಗಿ ಕಾಯಿಗೆ ಖಾರ ಕಡಿಮೆ ಅಂತಾರಲ್ಲ?" ಅಂದವರ ಅದ ಕೈಲೆ ಕಣ್ಣು ಒರಸಿಕೊಂಡ್ರು.

ಮುಂದ ಐದು ನಿಮಿಷ ಸಾಹೇಬ್ರು ಕುಂತಲ್ಲೆ ಕುಂದರಲಿಲ್ಲ, ನಿಂತಲ್ಲೆ ನಿಂದರಲಿಲ್ಲ. ಗುತ್ತಲದಿಂದ ಬರೋ ಅಕ್ಕ ಒಬ್ಬಾಕಿ ತಂಬಿಗಿ ನೀರು ತಂದು ಕಣ್ಣಿಗೆ ಉಗ್ಗಿದ್ಲು. "ಖಾರ ಕಡಿಮಿ ಇರೋದು ಸಾರಿನಾಗರಿ, ಕಣ್ಣಾಗಲ್ಲ. ಮೆಣಸಿನಕಾಯಿ ಮುಟ್ಟಿದ ಕೈ ಕಣ್ಣಿಗೆ ಹಚ್ಚಬಾರದು ಅಂತ ಯಾರೂ ಹೇಳಿಲ್ಲೇನ್ರಿ ನಿಮಗ?"

ಸಾಹೇಬ್ರು ಒಂದ ಕಣ್ಣು ತೆರದು, "ಅದು ನಾಲ್ಕನೇ ಸ್ಲೈಡಲ್ಲಿ ಬರುತ್ತಮ್ಮ" ಅಂದ್ರು.

ಹಿಡಿಕಿ ತೋರಸಾಕ ಕರಕೊಂಡು ಹೋದೆ. ಪಾಪ, ಅವರಿಗೆ ಬಾಗಿಲಾನ ಕಾಣಲಿಲ್ಲ.

ಔಷಧದ ಡಬ್ಬಿ

ಚೀಲ ಹೊಲಿಯೋವನ ಅಂಗೈಗೆ ಒಮ್ಮೆ ದಬ್ಬಣ ಹೊಕ್ಕತು. ದಬ್ಬಣ ಅಂದ್ರ ಗೇಣುದ್ದದ ಸೂಜಿ, ರಕ್ತ ದಳದಳ ಸುರೀತು. ಔಷಧದ ಡಬ್ಬಿ ಕಡೆ ಓಡಿದೆ. ಕೀಲಿ ಹಾಕಿತ್ತು! ಸಾವಕಾರ್ರಿಗೆ ಫೋನ್ ಹಚ್ಚಿದ್ರ ಅವರು ರಾಣೆಬೆನ್ನೂರಾಗ ಮದುವಿ ಊಟಕ್ಕ ಕುಂತಿದ್ರು.

"ಕೀಲಿಕೈ ನನ್ನ ಕಡೆ ಐತಲ್ಲೋ. ಯಾರರ ಕದ್ದಾರು ಅಂತ ಹಾಕೇನಿ. ಊಟ ಮುಗಿಸಿ ಬರತೇನಿ, ಅಲ್ಲೀತನಕ ರಕ್ತ ನಿಂದರಸು."

ನನಗ ಸಿಟ್ಟು ನೆತ್ತಿಗೇರಿತು. ಒಂದು ಕಲ್ಲು ತಗೊಂಡು ಕೀಲಿಗೆ ಬಿಟ್ಟೆ. ಮೊದಲನೇ ಏಟು ಕೀಲಿಗೆ ಬಿತ್ತು, ಎರಡನೇದು ನನ್ನ ಹೆಬ್ಬಟ್ಟಿಗೆ. ಅಂತೂ ಡಬ್ಬಿ ತೆರದ್ರ ಒಳಗಿದ್ದದ್ದು ಗಾಯಕ್ಕ ಕಟ್ಟೋ ಪಟ್ಟಿ, ಅದೂ ಒಂದ ಒಂದು. ಹೊಲಿಯೋವ ನನ್ನ ಬೆರಳು ನೋಡಿ, ಅದನ್ನ ತಾನ ತಗದು ನನಗ ಕಟ್ಟಿದ. "ನಿಮ್ಮದ ಜಾಸ್ತಿ ಆಗೇತ್ರಿ" ಅಂದ. ಆಮ್ಯಾಲೆ ಇಬ್ಬರೂ ದವಾಖಾನಿಗೆ ಹೋದ್ವಿ.

ಮರುದಿನ ಸಾವಕಾರ್ರು ಮೊದಲಿನಕಿಂತ ದೊಡ್ಡ ಕೀಲಿ ತಂದ್ರು. "ಅಲ್ರಿ, ಡಬ್ಬಿ ತುಂಬಸ್ರಿ ಮೊದಲ" ಅಂದೆ.

"ಹುಚ್ಚಾ, ಕೀಲಿ ಹಾಕಿದ ಮ್ಯಾಲೆ ಒಳಗ ಏನೈತಿ ಅಂತ ಯಾರಿಗೆ ಕಾಣತೈತಿ?"

ಯಾರೂ ಕೈ ಹಚ್ಚಬ್ಯಾಡ್ರಿ

ಕಡೀಕ ಅದ ಆತು, ನಾ ಅಂಜಿದ್ದು. ಅಗಡಿಯಿಂದ ಬರೋ ಹಿರೇ ಹಮಾಲನ ಅಳಿಯ ಮೂರನೇ ಖೋಲ್ಯಾಗ ಚೀಲ ಒಟ್ಟಾಕತ್ತಿದ್ದ, ಬಾಗಿಲಾ ಮುಚಗೊಂತು. ಅಕಸ್ಮಾತ್ ನಾ ಆ ಕಡೆ ಹೋಗಿದ್ದಕ್ಕ ಬಡಿಯೋದು ಕೇಳಿ ತೆರದೆ. ಆ ಹುಡುಗನ ತುಟಿ ನೀಲಿ ಆಗಿದ್ವು.

ಮರುದಿನ ಹಿರೇ ಹಮಾಲ ಹೆಗಲ ಮ್ಯಾಲಿನ ಟವೆಲ್ ಹಾಸಿ ಕುಂತ. "ಹಿಡಿಕಿ ಹಚ್ಚೂತನಕ ಮೂರನೇ ಖೋಲಿಗೆ ನಾವ್ಯಾರೂ ಹೋಗಂಗಿಲ್ಲರಿ." ಗೇಟಿನಾಗ ಲಾರಿ ಸಾಲು ಹಚ್ಚಿ ನಿಂತಿದ್ವು. ಸಾವಕಾರ್ರು ಒದರಿಕೋತ ಬಂದ್ರು. ನಾ ಧೈರ್ಯ ಮಾಡಿ ಅಂದೆ: "ಜೀವಕ್ಕ ಅಪಾಯ ಐತಿ ಅಂದ್ರ ಹೇಳೋದು ಅವರ ಹಕ್ಕರಿ, ರಿಪೇರಿ ಮಾಡಸೋದು ನಿಮ್ಮ ಜವಾಬ್ದಾರಿ."

"ಕಾಯ್ದೆ ಹೇಳಾಕ ಬಂದಾನ! ನೀ ಹೋಗಿ ಲಾರಿ ನೋಡಹೋಗು!"

ಹೋದೆ. ಹತ್ತು ನಿಮಿಷ ಬಿಟ್ಟು ಬಂದು ನೋಡ್ತೇನಿ, ಹಮಾಲರೆಲ್ಲಾ ಮೂರನೇ ಖೋಲಿ ಬಾಗಿಲದ ಮುಂದ ಸಾಲಾಗಿ ಕುಂತು ಎಲಿ ಅಡಕಿ ಹಾಕ್ಕೊಳ್ಳಾಕತ್ತಾರ.

"ಸಾವಕಾರ್ರೆಲ್ಲಿ?"

"ಒಳಗ ಅದಾರ್ರಿ," ಅಂದ ಹಿರೇ ಹಮಾಲ. "ಹಿಡಿಕಿ ಬರೋಬ್ಬರಿ ಐತಿ, ನಾನ ತೆಗದು ತೋರಸ್ತೇನಿ ಅಂತ ಹೋಗ್ಯಾರ. ಹೊರಗಿಂದ ಯಾರೂ ಕೈ ಹಚ್ಚಬ್ಯಾಡ್ರಿ ಅಂತ ತಾಕೀತು ಮಾಡ್ಯಾರ."

ಅಯ್ಯೋ ಶಿವನೇ! ಓಡಿ ಹೋಗಿ ಬಾಗಿಲಾ ಎಳದೆ. ಸಾವಕಾರ್ರು ತೆಳ್ಳನ ಅಂಗಿ ಮ್ಯಾಲೆ ಖಾಲಿ ಗೋಣಿಚೀಲ ಹೊದ್ದು, ಹಲ್ಲು ಕಟಕಟ ಕಡಕೋತ ಹೊರಗ ಬಂದ್ರು. ಮೊದಲನೇ ಮಾತ, "ಫಿಟ್ಟರ್‌ನ ಕರೀರಿ! ಈಗಿಂದೀಗ!" ಆಮ್ಯಾಲೆ ಹಿರೇ ಹಮಾಲನ ಕಡೆ ತಿರುಗಿದ್ರು.

"ಬಾಗಿಲಾ ಬಡದೆ, ಗಂಟಲಾ ಹರಿಯೂಹಂಗ ಒದರಿದೆ. ಒಬ್ಬರಿಗೂ ಕೇಳಲಿಲ್ಲೇನೋ?"

"ಕೇಳಿತ್ರಿ ಸಾವಕಾರ್ರ," ಅಂದ ಹಿರೇ ಹಮಾಲ, ಸಮಾಧಾನದಿಂದ. "ದಿನಾ ಹಂಗ ಒದರತೀರಲ್ಲರಿ. ಆರಾಮ ಅದಾರ ಅಂತ ಸುಮ್ಮನ ಕುಂತ್ವಿ."