ಪುಂಡಿಯ ಪ್ರೋಟೀನು

ನಾನು ಪುತ್ತೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದ ಎಂಬತ್ತರ ದಶಕದ ಮಾತು. ಬೆಂಗಳೂರಿನಿಂದ ಪ್ರೊಫೆಸರರೊಬ್ಬರು ಬರುವವರಿದ್ದರು. ಪ್ರೋಟೀನು ಯಾವ ಆಕಾರಕ್ಕೆ ಮಡಚಿಕೊಳ್ಳುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವರ ಕೆಲಸ. ಅವರು ಮೆಚ್ಚಿದರೆ ಅವರ ಬಳಿ ನನಗೆ ಸಂಶೋಧನೆಯ ಸೀಟು. ಮೆಚ್ಚದೆ ಇರುವ ಪ್ರಶ್ನೆಯೇ ಇಲ್ಲ! ಬೇಸಗೆ ರಜೆಯಿಡೀ ಕ್ಯಾಲ್ಕುಲೇಟರ್ ಕುಟ್ಟಿ ಒಂದು ಪುಟ್ಟ ಪ್ರೋಟೀನಿನ ಆಕಾರವನ್ನು ನಾನಾಗಲೇ ಕಂಡುಹಿಡಿದಿದ್ದೆ. ಅದು ಕೋಲಿನಂತೆ ನೆಟ್ಟಗಿತ್ತು.

ತೋರಿಸಲು ಮಾದರಿಯೊಂದು ಬೇಕಲ್ಲ? ಅವರು ಬರುವ ದಿನ ತಿಂಡಿಗೆ ಹೆಂಡತಿ ಸುಮತಿ ಅಕ್ಕಿಯ ಪುಂಡಿ ಬೇಯಿಸಿದ್ದಳು. ಆ ಉಂಡೆಗಳನ್ನು ಹಿಡಿಸೂಡಿ ಪೊರಕೆಯ ಕಡ್ಡಿಗಳಿಗೆ ಚುಚ್ಚಿ ಸಾಲು ಮಾಡಿದೆ. ಪ್ರೋಟೀನಿನಲ್ಲಿ ನೀರು ಕಂಡರಾಗದ ಭಾಗಗಳಿರುತ್ತವೆ. ಅವುಗಳ ಗುರುತಿಗೆ ಕೆಲವು ಪುಂಡಿಗಳಿಗೆ ಒಲೆಯ ಮಸಿ ಬಳಿದೆ.

“ಇದು ಎಂತ ಅವಸ್ಥೆ ಮಾರಾಯ್ರೆ? ಇನ್ನು ತಿನ್ನುದು ಎಂತ?”

“ವಿಜ್ಞಾನಕ್ಕೆ ತ್ಯಾಗ ಬೇಕು!”

“ಹಾಗಾದ್ರೆ ಅದು ನಿಮ್ಮ ಪಾಲಿಂದು.”

ಹಸಿದುಕೊಂಡೇ ನಮ್ಮೂರು ಬೆಳ್ಳಾರೆಯಲ್ಲಿ ಬಸ್ಸು ಹತ್ತಿದೆ. ಬಸ್ಸು ತುಂಬ ಜನ, ಜನಕ್ಕೊಂದು ತೊಟ್ಟಿಕ್ಕುವ ಕೊಡೆ.

“ಇದು ಎಂತದು?” ಎಂದ ಕಂಡಕ್ಟರ್.

“ಪ್ರೋಟೀನು. ದೂಡಬೇಡಿ!”

“ದೂಡದೆ ಬಸ್ಸು ಹೋಗುದು ಹೇಗೆ? ಮುಂದೆ ಹೋಗಿ, ಜಾಗ ಉಂಟು!”

ಮುಂದೆ ಜಾಗ ಇರಲಿಲ್ಲ. ಪುತ್ತೂರು ತಲುಪುವಾಗ ಕೋಲು ಮುರಿದು ಮುದ್ದೆಯಾಗಿತ್ತು. ಕೊಡೆಗಳ ನೀರಿಗೆ ಹೊರಗಿನ ಮಸಿಯೂ ತೊಳೆದುಹೋಗಿತ್ತು. ನನಗೆ ಅಳುವೇ ಬಂತು.

ಕಾಲೇಜಿನಲ್ಲಿ ಪ್ರೊಫೆಸರರು ಮಸಿ ಯಾವುದರ ಗುರುತೆಂದು ಕೇಳಿ ತಿಳಿದು, ಮುದ್ದೆಯನ್ನು ಸ್ಕೇಲಿನಿಂದ ಸೀಳಿದರು. ಒಳಗೆ ಮಾತ್ರ ಕಪ್ಪು, ಹೊರಗೆಲ್ಲ ಬಿಳಿ.

“ಭೇಷ್! ನೀರಿಗೆ ಹೆದರುವವೆಲ್ಲ ಒಳಗೆ ಸೇರಿಕೊಂಡಿವೆ. ಪ್ರೋಟೀನು ಮಡಚಿಕೊಳ್ಳುವುದೇ ಹೀಗೆ! ಇದನ್ನು ಹೇಗೆ ಮಾಡಿದಿರಿ?”

“ಬಸ್ಸಿನಲ್ಲಿ, ಸಾರ್,” ಎಂದು ನಡೆದದ್ದೆಲ್ಲ ಹೇಳಿದೆ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಪ್ರೋಟೀನಿಗೂ ಅದೇ ಗತಿ. ಸುತ್ತಲೂ ನೀರಿನ ನೂಕಾಟ! ಎಲ್ಲಿ, ನಿಮ್ಮ ಲೆಕ್ಕ ನೋಡೋಣ.”

ತೋರಿಸಿದೆ. ಅವರ ನಗು ನಿಂತಿತು.

“ಇದರಲ್ಲಿ ನೀರೆಲ್ಲಿ?”

ನೀರು! ವರ್ಷದಲ್ಲಿ ಆರು ತಿಂಗಳು ಕೊಡೆ ಹಿಡಿಯುವ ಊರಿನವನು ನೀರನ್ನೇ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ!

ಆದರೂ ಮುದ್ದೆಯ ಪುಣ್ಯದಿಂದ ಸೀಟು ಸಿಕ್ಕಿತು! ಎದೆಯುಬ್ಬಿಸಿಕೊಂಡು ಮನೆಗೆ ಬಂದೆ.

“ಅಲ್ಲಿ ನಿಮಗೆ ಎಂತ ಕೆಲಸ?” ಎಂದಳು ಸುಮತಿ.

ಪ್ರೊಫೆಸರರ ಷರತ್ತನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಲೆಕ್ಕವನ್ನೆಲ್ಲ ಕಂಪ್ಯೂಟರೇ ಮಾಡುತ್ತದೆ. ನಾನು ಅದನ್ನು ಮುಟ್ಟಬಾರದು!