ಶಾಲು ಹೊದಿಸಿದ ಕುಲಸಚಿವರಿಗೆ

ಮಾನ್ಯ ಕುಲಸಚಿವರೇ,

ಬಾಗಲೂರಿನ ಕಾಲೇಜೊಂದರಲ್ಲಿ ಪಾಠ ಹೇಳಿಕೊಂಡಿರುವ ಸರಳಾ ಎಂಬ ನನ್ನ ವಿನಮ್ರ ವಂದನೆಗಳನ್ನು ತಾವು ಬಿಡುವು ಮಾಡಿಕೊಂಡು ಸ್ವೀಕರಿಸಬೇಕು. ಕಳೆದ ಗುರುವಾರ ಯಲಹಂಕದಾಚೆಯ ತಮ್ಮ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ವೀರಬಸಪ್ಪನವರ ವಿಶೇಷ ಉಪನ್ಯಾಸ ಏರ್ಪಡಿಸಿ, ಸುತ್ತಲಿನ ಕಾಲೇಜುಗಳ ಅಧ್ಯಾಪಕರೆಲ್ಲ ಕಡ್ಡಾಯವಾಗಿ ಬರತಕ್ಕದ್ದೆಂದು ಸುತ್ತೋಲೆ ಹೊರಡಿಸಿದ ತಮ್ಮ ಎದೆಗಾರಿಕೆಯನ್ನು ಎಷ್ಟು ಹೊಗಳಿದರೂ ಸಾಲದು. ಈ ಮಹನೀಯರು ಸಂಶೋಧನಾ ವಿದ್ಯಾರ್ಥಿನಿಯೊಬ್ಬಳನ್ನು ಕೊಠಡಿಗೆ ಕರೆಸಿ ಮೈಮುಟ್ಟಿ ಪೀಡಿಸಿದ್ದು ನಿಜವೆಂದು 2016ರಲ್ಲಿ ತಮ್ಮದೇ ವಿಚಾರಣಾ ಸಮಿತಿ ಹೇಳಿ, ಅವರನ್ನು ಮನೆಗೆ ಕಳಿಸಿತ್ತು. ಮೂರೇ ವರ್ಷದಲ್ಲಿ ಅದನ್ನು ಮರೆತುಬಿಡುವ ಶಕ್ತಿ ಸಾಮಾನ್ಯರಿಗೆ ಒಲಿಯುವಂಥದ್ದಲ್ಲ.

ಆ ವಿದ್ಯಾರ್ಥಿನಿ ಪದ್ಮಶ್ರೀ ಪಿಎಚ್.ಡಿ.ಯನ್ನು ಅರ್ಧಕ್ಕೇ ಬಿಟ್ಟು ಈಗ ನನ್ನ ಜೊತೆ ಪಾಠ ಮಾಡುತ್ತಿದ್ದಾಳೆ. ತಮ್ಮ ಸುತ್ತೋಲೆ ಅವಳಿಗೂ ಬಂತು. ಬಸ್ಸಿನಲ್ಲಿ ನಾನೇ ಅವಳಿಗೆ, “ವಾಪಸ್ ಹೋಗೋಣ ಕಣೇ” ಎಂದೆ.

“ಬೇಡ ಕಣೇ. ಹೋದ್ಸಲ ನಾನೇ ಬಿಟ್ಟು ಹೋಗಿದ್ದು ಸಾಕು” ಎಂದಳು.

ಸಭಾಂಗಣದ ಬಾಗಿಲಲ್ಲಿ ತಾವು ಅವಳ ಗುರುತು ಹಿಡಿದು, “ಹಳೇದೆಲ್ಲ ಬಿಟ್ಬಿಡಮ್ಮ. ವಿದ್ವತ್ತೇ ಬೇರೆ, ಮನುಷ್ಯನೇ ಬೇರೆ” ಎಂದು ಸಮಾಧಾನ ಹೇಳಿದಿರಿ. ಎಂಥ ವಿವೇಕ! ಹಾಗಿದ್ದರೆ ಮುಂದಿನ ಸಲ ವಿದ್ವತ್ತನ್ನು ಮಾತ್ರ ಕಾರಿನಲ್ಲಿ ಕರೆಸಿಕೊಂಡು, ಮನುಷ್ಯನನ್ನು ಮನೆಯಲ್ಲೇ ಬಿಟ್ಟುಬರಲು ತಿಳಿಸಬೇಕಾಗಿ ಪ್ರಾರ್ಥನೆ. ಶಾಲನ್ನೂ ವಿದ್ವತ್ತಿಗೇ ಹೊದಿಸಬಹುದು.

ಉಪನ್ಯಾಸ ಮುಗಿದು ಪ್ರಶ್ನೆಗಳಿದ್ದರೆ ಕೇಳಬಹುದೆಂದಾಗ ಪದ್ಮಶ್ರೀ ಮೈಕಿನ ಹತ್ತಿರ ಹೋಗಿ, “ಇವರ ಮೇಲೆ ದೂರು ಕೊಟ್ಟವಳು ನಾನು. ನನ್ನ ಪ್ರಶ್ನೆ ಇವರಿಗಲ್ಲ, ಕುಲಸಚಿವರಿಗೆ. ಇವರನ್ನ ಯಾಕೆ ಕರೆಸಿದ್ರಿ, ಸರ್?” ಎಂದಳು.

ತಾವು ಉತ್ತರ ಕೊಡುವ ಬದಲು ವೇದಿಕೆಯ ಪಕ್ಕಕ್ಕೆ ಧಾವಿಸಿ, ಬಗ್ಗಿ, ಮೈಕಿನ ವೈರನ್ನೇ ಕಿತ್ತಿರಿ. ಅವಳು ಅದೇ ಪ್ರಶ್ನೆಯನ್ನು ಬರಿ ಗಂಟಲಲ್ಲಿ ಮತ್ತೆ ಕೇಳಿದಳು. ಕೊನೆಯ ಸಾಲಿಗೂ ಕೇಳಿಸಿತು. ಹಿಂದೆ ಕೂತಿದ್ದ ವಿದ್ಯಾರ್ಥಿಗಳ ನಡುವಿನಿಂದ ಒಬ್ಬ ಹುಡುಗಿ ಎದ್ದು ಹೊರನಡೆದಳು, ಅವಳ ಹಿಂದೆ ಇಡೀ ಸಾಲು. ತಾವು ತಲೆಯೆತ್ತುವಷ್ಟರಲ್ಲಿ ಅರ್ಧ ಸಭಾಂಗಣ ಖಾಲಿಯಾಗಿತ್ತು. ಪ್ರೊಫೆಸರರು ನೀರು ಕುಡಿಯುತ್ತಿದ್ದರು. ಪದ್ಮಶ್ರೀ ಮಾತ್ರ ಉತ್ತರಕ್ಕಾಗಿ ಅಲ್ಲೇ ನಿಂತಿದ್ದಳು. ಆ ಉತ್ತರ ಇವತ್ತಿಗೂ ಬಂದಿಲ್ಲವಾದ್ದರಿಂದ ಈ ಪತ್ರದ ಮೂಲಕ ತಮಗೆ ತೊಂದರೆ ಕೊಡಬೇಕಾಯಿತು.

ತಮ್ಮ ಸುತ್ತೋಲೆಗಳಿಗೆ ತಲೆಬಾಗುವ ವಿಶ್ವಾಸಿ,
ಸರಳಾ, ವಿದ್ಯಾರಣ್ಯಪುರ

ಮರೆತ ಮಾತು: ಮೊದಲು ಎದ್ದುಹೋದ ಹುಡುಗಿ ಯಾರೆಂದು ಪತ್ತೆಹಚ್ಚಲು ತಾವು ಸಮಿತಿ ರಚಿಸುತ್ತಿದ್ದೀರೆಂದು ತಿಳಿಯಿತು. ಅಷ್ಟು ಶ್ರಮ ಬೇಡ. ಇವತ್ತು ಮನೆಯಲ್ಲಿ ಊಟಕ್ಕೆ ಕೂತಾಗ ಎದುರಿಗೆ ಒಮ್ಮೆ ನೋಡಿ. ಇದನ್ನು ಬರೆಯಲು ಹೇಳಿದವಳೂ ಅವಳೇ.