ಓಟಗಾರರನ್ನು ಮಲಗಿಸಿದ ಪಿ.ಟಿ. ಮೇಷ್ಟ್ರು

ಗಣಿತದ ಮೇಷ್ಟ್ರ ಹತ್ತಿರ ಹೋಗಿ ಯಾರೂ ಲೆಕ್ಕ ಹೀಗಲ್ಲ ಅನ್ನುವುದಿಲ್ಲ. ಪಿ.ಟಿ. ಮೇಷ್ಟ್ರಿಗೆ ಮಾತ್ರ ಬೀದಿಯಲ್ಲಿ ಹೋಗುವವರೂ ಪಾಠ ಹೇಳುತ್ತಾರೆ. ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿದ್ದಷ್ಟು ದಿನವೂ ನನಗೆ ಇದೇ ಆಯಿತು.

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಒಂದು ತರಬೇತಿ ಶಿಬಿರದಲ್ಲಿ ಕಲಿತು ಬಂದಿದ್ದೆ: ದೂರ ಓಡುವವರಲ್ಲಿ ಮೊದಲು ಸೋಲುವುದು ಕಾಲಲ್ಲ, ಸೊಂಟ. ಹೊಟ್ಟೆ, ಸೊಂಟ, ಬೆನ್ನು ಗಟ್ಟಿಯಿಲ್ಲದಿದ್ದರೆ ಕೊನೆಯ ಸುತ್ತುಗಳಲ್ಲಿ ಮೈ ಬಾಗಿ ಉಸಿರು ಸಾಲದಾಗುತ್ತದೆ. ಅದಕ್ಕೆ ಪ್ಲ್ಯಾಂಕ್ ಮಾಡಿಸಬೇಕು. ಮೊಣಕೈ, ಕಾಲ್ಬೆರಳು ಮಾತ್ರ ನೆಲಕ್ಕೆ ಊರಿ, ಮೈಯನ್ನು ಹಲಗೆಯ ಹಾಗೆ ನೆಟ್ಟಗೆ ಹಿಡಿದಿರುವುದು. ದೂರದಿಂದ ನೋಡಿದವರಿಗೆ ಬೋರಲು ಮಲಗಿದ ಹಾಗೇ ಕಾಣುತ್ತದೆ. ನನ್ನ ತಾಪತ್ರಯಕ್ಕೆಲ್ಲ ಅದೇ ಮೂಲ.

ಲಿಖಿತ ವಿವರಣೆ

ನಮ್ಮ ಹೆಡ್ ಮಾಸ್ಟರು ಮೊದಲು ಕನ್ನಡ ಪಂಡಿತರಾಗಿದ್ದವರು. ಕಿಟಕಿಯಿಂದ ನೋಡಿ ಮೆಮೊ ಕಳಿಸಿದರು: ಓಟದ ಅವಧಿಯಲ್ಲಿ ವಿದ್ಯಾರ್ಥಿಗಳನ್ನು ಮಲಗಿಸಿದ್ದೇಕೆ? ನನಗೆ ಮೈಯೆಲ್ಲ ಉರಿದುಹೋಯಿತು. ಯಾವ ಸ್ನಾಯು ಎಲ್ಲಿದೆ, ಏನು ಮಾಡುತ್ತದೆ ಅಂತ ಚಿತ್ರ ಸಮೇತ ಎರಡು ಪುಟ ಬರೆದುಕೊಟ್ಟೆ. ಮರುದಿನ ವಾಪಸು ಬಂತು. ಕಾಗುಣಿತದ ತಪ್ಪುಗಳಿಗೆಲ್ಲ ಕೆಂಪು ಶಾಯಿಯ ಗುರುತು. ಕೆಳಗೊಂದು ಸಾಲು: "ಬೆನ್ನಿಗಿಂತ ಮೊದಲು ಒತ್ತಕ್ಷರ ಗಟ್ಟಿ ಮಾಡಿಕೊಳ್ಳಿ."

ಎರಡು ಬಿಂದಿಗೆ

ದಂಡಿಗನಹಳ್ಳಿಯಿಂದ ಬರುತ್ತಿದ್ದ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಮೇಲೆ ನನಗೆ ಬಹಳ ಆಸೆಯಿತ್ತು. ಮೂರು ಸಾವಿರ ಮೀಟರು ಓಡಿ ಮುಗಿಸಿಯೂ ಮಾತಾಡುವಷ್ಟು ಉಸಿರು ಉಳಿಸಿಕೊಂಡಿರುತ್ತಿದ್ದಳು. ಪ್ಲ್ಯಾಂಕ್ ಮಾಡಿ ಹೊಟ್ಟೆ ನೋವು ಅಂದಳೆಂದು ಅವಳ ಅಪ್ಪ ಹೊಲದ ಕೆಲಸ ಬಿಟ್ಟು ಸ್ಕೂಲಿಗೆ ಬಂದರು. ನಾನು ಸೊಂಟದ ಮಹಿಮೆ ವಿವರಿಸಿದೆ.

"ನಮ್ಮುಡ್ಗಿ ದಿನಾ ತಲೆ ಮ್ಯಾಲೊಂದು, ಸೊಂಟದ ಮ್ಯಾಲೊಂದು ಬಿಂದ್ಗೆ ಒತ್ಕಂಡು ಬತ್ತಾಳೆ. ಸೊಂಟ ಗಟ್ಟಿ ಐತೆ ಕಣ್ ಸಾ" ಅಂದರು.

ಬಿಂದಿಗೆ ಬೇರೆ, ವೈಜ್ಞಾನಿಕ ತರಬೇತಿ ಬೇರೆ, ಈಗಲೇ ನೋಡಿ ಅಂತ ರೇಗಿ, ಹುಡುಗಿಗೆ ಪ್ಲ್ಯಾಂಕ್ ಮಾಡಲು ಹೇಳಿ ಅವಳ ಪಕ್ಕದಲ್ಲಿ ನಾನೂ ಮೊಣಕೈ ಊರಿದೆ. ಒಂದು ನಿಮಿಷಕ್ಕೆ ನನ್ನ ಹೊಟ್ಟೆ ನೆಲಕ್ಕೆ ಬಿತ್ತು. ಅವಳು ಅಲ್ಲಾಡಲೂ ಇಲ್ಲ. ಅಪ್ಪ ನನ್ನ ರಟ್ಟೆ ಹಿಡಿದು ಎಬ್ಬಿಸಿದರು.

"ನಾಳಿಂದ ನಮ್ಮನೆ ತಾವ ಬನ್ನಿ ಸಾ. ಬಿಂದ್ಗೆ ನಾನೇ ಕೊಡ್ತೀನಿ."

ಅರಕಲಗೂಡಿನ ಮೇಷ್ಟ್ರು

ನಮ್ಮ ಮಕ್ಕಳು ಒಂದೆರಡು ಓಟ ಗೆದ್ದ ಮೇಲೆ ಅರಕಲಗೂಡು ಕಡೆಯ ಮೇಷ್ಟ್ರೊಬ್ಬರು ನನ್ನ ಗುಟ್ಟು ಕದ್ದರು. ಕದ್ದರೆ ಸರಿಯಾಗಿ ಕದಿಯಬಾರದೇ? ಓಟಕ್ಕೆ ಮುಂಚೆ ಹುಡುಗರಿಗೆ ಊಟ ಹಾಕಿಸಿ ಮರದ ನೆರಳಲ್ಲಿ ಬೋರಲು ಮಲಗಿಸಿದರು. ಆಮೇಲೆ ನನ್ನ ಮೇಲೇ ಎಗರಾಡಿದರು: "ನಿಮ್ಮ ವಿದ್ಯೆ ನಂಬಿ ಕೆಟ್ಟೆ. ಇಬ್ಬರು ಎದ್ದೇ ಇಲ್ಲ."

ಕೈಯಲ್ಲಿ ಬೀಗದ ಕೈ

ಹಾಸನದಲ್ಲಿ ಜಿಲ್ಲಾ ಮಟ್ಟದ ಓಟ. ದಂಡಿಗನಹಳ್ಳಿ ಹುಡುಗಿ ಗೆದ್ದರೆ ರಾಜ್ಯಮಟ್ಟಕ್ಕೆ. ಮೈದಾನದ ಅಂಚಿನಲ್ಲಿ ಅವಳಿಗೆ ಪ್ಲ್ಯಾಂಕ್ ಮಾಡಲು ಹೇಳಿ ನಾನು ನಂಬರ್ ಚೀಟಿ ತರಲು ಹೋದೆ. ಬೆಳಗಿನ ಚಳಿಗೆ ಅವಳ ಮೈ ನಡುಗುತ್ತಿತ್ತು. ಪ್ರಥಮ ಚಿಕಿತ್ಸೆಯ ಸ್ವಯಂಸೇವಕರು ನೋಡಿ ಮೂರ್ಛೆರೋಗ ಅಂತ ತೀರ್ಮಾನಿಸಿದರು. ಒಬ್ಬರು ಅವಳ ಕೈಗೆ ಕಬ್ಬಿಣದ ಬೀಗದ ಕೈ ತುರುಕಿದರು, ಇಬ್ಬರು ಎತ್ತಿಕೊಂಡರು. ನನಗೇನೂ ಆಗಿಲ್ಲ ಅಂದಳಂತೆ. ಮೂರ್ಛೆ ಬಂದವರೆಲ್ಲ ಹೀಗೇ ಅನ್ನುತ್ತಾರೆ ಅಂದರಂತೆ. ನಾನು ಬರುವಷ್ಟರಲ್ಲಿ ಆಂಬುಲೆನ್ಸ್ ಗೇಟು ದಾಟಿತ್ತು.

ಆಸ್ಪತ್ರೆಯಿಂದ ಅವಳು ಮೈದಾನಕ್ಕೆ ಓಡಿಯೇ ಬಂದಳು. ಅಷ್ಟರಲ್ಲಿ ಓಟ ಮುಗಿದಿತ್ತು. ನಿಮ್ಮವರೇ ಹೊತ್ತುಕೊಂಡು ಹೋದದ್ದು, ಈಗ ಒಬ್ಬಳನ್ನೇ ಓಡಿಸಿ ಗಡಿಯಾರ ನೋಡಿ ಅಂತ ತೀರ್ಪುಗಾರರ ಹತ್ತಿರ ಗಂಟಲು ಹರಿಯುವಷ್ಟು ಕೂಗಾಡಿದೆ. ಗೈರುಹಾಜರಿ ಅಂದರೆ ಗೈರುಹಾಜರಿ ಅಂದುಬಿಟ್ಟರು. ಹುಡುಗಿ ಅತ್ತಳು. ನನಗೂ ಕಣ್ಣು ತುಂಬಿತು.

ಮಧ್ಯಾಹ್ನ ಆಸ್ಪತ್ರೆಯ ಅಟೆಂಡರ್ ನನ್ನ ಸಹಿಗೆಂದು ಒಂದು ಕಾಗದ ತಂದ. ಡಾಕ್ಟರ ಸಹಿ, ಸೀಲು ಎಲ್ಲ ಇತ್ತು: "ರೋಗಿಯು ಹಾಸಿಗೆಯಿಂದ ಎದ್ದು ಓಡಿಹೋಗಿರುತ್ತಾಳೆ. ಸಿಬ್ಬಂದಿ ಸೈಕಲ್ಲಿನಲ್ಲಿ ಬೆನ್ನಟ್ಟಿದರೂ ಸಿಕ್ಕಿರುವುದಿಲ್ಲ."

ಆ ವರ್ಷ ಅವಳ ಓಟಕ್ಕೆ ಸಿಕ್ಕ ಸರ್ಟಿಫಿಕೇಟು ಅದೊಂದೇ.